ಪಾಸಿನಲ್ಲಿದ್ದ ಎರಡನೆಯ ಸಾಲು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಸೊರಬದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಚಂದ್ರಗುತ್ತಿ ಕಡೆಯ ಮಕ್ಕಳು ಗುಡ್ಡದ ಮೇಲೆ ಏನೋ ಕಂಡಿತು ಎಂದು ಹೇಳಿದರೆ, ಕಾರಣ ಸಿಗುವ ತನಕ ಅವರನ್ನು ಬಿಡುತ್ತಿರಲಿಲ್ಲ. ಈ ಒಂದಕ್ಕೆ ಮಾತ್ರ ನನಗೇ ಕಾರಣ ಸಿಕ್ಕಿಲ್ಲ.

ಮೂರು ವರ್ಷದ ಹಿಂದೆ ನಾನು, ನನ್ನ ಅಕ್ಕ ಇಬ್ಬರೇ ಯುರೋಪಿಗೆ ಹೋಗಿದ್ದೆವು. ಅಕ್ಕ ಶಿಕಾರಿಪುರದಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ. ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷಿನ ಒಂದಕ್ಷರವೂ ಗೊತ್ತಿಲ್ಲ. ಇಬ್ಬರ ಊರಿಗೂ ರೈಲಿಲ್ಲ, ಹಾಗಾಗಿ ರೈಲಿನಲ್ಲೇ ದೇಶ ನೋಡಬೇಕೆಂಬುದು ಅವಳದೇ ಹಟ. ಪ್ರವಾಸಿಗರಿಗೆಂದು ಕೊಡುವ ಪಾಸ್ ಮಾಡಿಸಿದೆವು. ಅದೊಂದಿದ್ದರೆ ಹಲವು ದೇಶಗಳ ರೈಲು ಹತ್ತಬಹುದು. ನಾವು ಕಾಗದದ ಪಾಸನ್ನೇ ತೆಗೆದುಕೊಂಡಿದ್ದರಿಂದ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹತ್ತುವ ಮೊದಲು ನಾವೇ ಅದರಲ್ಲಿ ಬರೆಯಬೇಕಿತ್ತು. ಇಬ್ಬರದನ್ನೂ ನಾನೇ ಬರೆಯುತ್ತಿದ್ದೆ, ಹೆಡ್‌ಮೇಡಂ ಆಗಿದ್ದಾಗಿನ ಅಭ್ಯಾಸದಂತೆ ಹಸಿರು ಇಂಕಿನಲ್ಲಿ. ತನ್ನ ಪಾಸನ್ನು ಅಕ್ಕ ಪುಟ್ಟ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡಿದ್ದಳು. ಟಿಕೆಟ್ ನೋಡುವವನು ಬಂದರೆ ತಾನೇ ತೆಗೆದು ತೋರಿಸುವ ಗತ್ತು.

ಆಸ್ಟ್ರಿಯಾದಲ್ಲಿ ಒಂದು ಮಧ್ಯಾಹ್ನ ರೈಲು ನಿಂತಾಗ ನೀರು ತರಲು ಇಳಿದೆ. ಬಾಟಲಿ ಹಿಡಿದು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿ ರೈಲು ಹೊರಟೇಬಿಟ್ಟಿತು. ಒಳಗೆ ಅಕ್ಕ, ಇಬ್ಬರ ಫೋನೂ ನನ್ನ ಚೀಲದಲ್ಲಿ. ಓಡಿಹೋಗಿ ಕೇಳಿದಾಗ ಸ್ಟೇಷನ್ನಿನವನು ಹೇಳಿದ್ದು ಇದು: ಮುಂದೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಆ ರೈಲು ಎರಡಾಗುತ್ತದೆ, ಅಕ್ಕ ಕೂತಿರುವ ಹಿಂದಿನ ಡಬ್ಬಿಗಳು ಬೇರೆ ದೇಶಕ್ಕೇ ಹೋಗುತ್ತವೆ. ಆ ಸ್ಟೇಷನ್ನಿನ ಹೆಸರನ್ನು ನಾನು ಮೊದಲ ಸಲ ಕೇಳಿದ್ದೇ ಆಗ. ರೈಲಿಗೆ ಸುದ್ದಿ ಮುಟ್ಟಿಸಲು ಅವನು ನೋಡಿದ, ಆಗಲಿಲ್ಲ.

ಒಂದು ಗಂಟೆ ಬಿಟ್ಟು ಬಂದ ರೈಲನ್ನು, ಪಾಸಿನಲ್ಲಿ ಬರೆಯುವುದನ್ನೂ ಮರೆತು ಹತ್ತಿ, ಕಿಟಕಿಗೆ ಮುಖವಿಟ್ಟು ನಿಂತೆ. ಅವಳ ಮಗಳಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿ. ಆ ಸಣ್ಣ ಸ್ಟೇಷನ್ ಬಂತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಸೀರೆಯ ಮೇಲೆ ಸ್ವೆಟರ್ ಹಾಕಿದ ಅಕ್ಕ, ಎರಡೂ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಚಕ್ಕುಲಿ ತಿನ್ನುತ್ತ ಕೂತಿದ್ದಳು.

ಓಡಿಹೋಗಿ ತಬ್ಬಿಕೊಂಡೆ. ಇಲ್ಲೇ ಇಳಿಯಬೇಕೆಂದು ಯಾರು ಹೇಳಿದರು ಎಂದು ಕೇಳಿದರೆ, ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಯಾರ್ ಹೇಳ್ತಾರೆ? ನೀನೇ ಬರ್ದಿಟ್ಟಿದ್ಯಲ್ಲೇ. ನಿಂತ ಸ್ಟೇಷನ್ನಿನಾಗೆಲ್ಲ ಬೋರ್ಡಿನ ಅಕ್ಷರ, ಪಾಸಿನ ಅಕ್ಷರ ಒಂದೊಂದೇ ಹೊಂದಿಸಿ ನೋಡ್ದೆ. ಇಲ್ಲಿ ಒಂಬತ್ತೂ ಕೂಡಿದ್ವು. ಇಳ್ದೆ."

ಪಾಸ್ ತೆಗೆದು ತೋರಿಸಿದಳು. ಬೆಳಿಗ್ಗೆ ನಾನು ಬರೆದದ್ದು ಒಂದೇ ಸಾಲು. ಅದರ ಕೆಳಗೆ ಇನ್ನೊಂದಿತ್ತು: ಈ ಸ್ಟೇಷನ್ನಿನ ಹೆಸರು, ರೈಲು ಮುಟ್ಟುವ ಹೊತ್ತು. ಹಸಿರು ಇಂಕು. ಏಳರ ಅಂಕಿಯ ನಡುವೆ ನಾನು ಎಳೆಯುವ ಅಡ್ಡಗೆರೆ. ಪಾಸನ್ನು ಯಾರ ಕೈಗೂ ಕೊಟ್ಟಿಲ್ಲ, ಟಿಕೆಟ್ ನೋಡುವವನಿಗೂ ಹಿಡಿದೇ ತೋರಿಸಿದೆ ಎಂದಳು. ಪೆನ್ನು ನನ್ನ ಚೀಲದಲ್ಲೇ ಇತ್ತು. ಮರೆವಿನಲ್ಲಿ ಬರೆದೆನೇನೋ ಎಂದು ನನ್ನ ಪಾಸ್ ಬಿಚ್ಚಿದೆ. ಅದರಲ್ಲಿ ಆ ದಿನದ್ದು ಒಂದೇ ಸಾಲು.

ನಾನು ಬರೆದಿಲ್ಲವೆಂದು ಅಕ್ಕನಿಗೆ ಇಂದಿಗೂ ಹೇಳಿಲ್ಲ. ರೊಟ್ಟಿಗೆ ಬಂದವರಿಗೆಲ್ಲ, "ನನ್ ತಂಗಿ ಎಲ್ಲಾ ಮೊದ್ಲೇ ಬರ್ದಿಡ್ತಾಳ್ರೀ" ಎಂದು ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳಬೇಕಾದವಳು ನಾನು. ಮಾತು ತಿಳಿಯದ ದೇಶದಲ್ಲಿ ಅಳುತ್ತ ಕೂರದೆ, ಗೊತ್ತಿಲ್ಲದ ಒಂಬತ್ತು ಅಕ್ಷರಗಳ ಆಕಾರ ಹೊಂದಿಸಿ, ಎರಡು ಪೆಟ್ಟಿಗೆ ಇಳಿಸಿಕೊಂಡು ಸರಿಯಾದ ಜಾಗದಲ್ಲಿ ಕೂತಿದ್ದಳಲ್ಲ, ಅಷ್ಟು ಓದಿದ ನನಗೆ ಆ ಎದೆಗಾರಿಕೆ ಇರುತ್ತಿರಲಿಲ್ಲ.

ಅವಳು ಇಳಿದದ್ದು ನನಗೆ ಅರ್ಥವಾಗುತ್ತದೆ. ಆ ಸಾಲು ಅರ್ಥವಾಗುವುದಿಲ್ಲ. ಪಾಸಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದಾಳೆ. ಶಿಕಾರಿಪುರಕ್ಕೆ ಹೋದಾಗಲೆಲ್ಲ ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡುತ್ತೇನೆ. ನನ್ನ ಕೈಬರಹವೇ.