ಹುಣಸೆಹುಳಿಯ ವಿಷಯ ಒಪ್ಪಿಕೊಂಡ ಆಂಜಿನಮ್ಮ

ಬೆಳಿಗ್ಗೆ ಏಳು ಗಂಟೆ. ಕೋಲಾರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಂಜಿನಮ್ಮ ಗಾಜಿನ ನಳಿಕೆಯ ತಿರುಪನ್ನು ಹಗುರಾಗಿ ತಿರುಗಿಸುತ್ತಾರೆ. ಕ್ಷಾರದ ದ್ರಾವಣ ಕೆಳಗಿನ ಲವಣದ ನೀರಿಗೆ ಹನಿಹನಿಯಾಗಿ ಬೀಳುತ್ತದೆ. ನಿಮಿಷಕ್ಕೆ ಇಪ್ಪತ್ತು ಹನಿ, ಮೂರು ಗಂಟೆ. ಸಂಶೋಧನಾ ವಿದ್ಯಾರ್ಥಿನಿ ಸುಮೇಧಾ ಬರುವಷ್ಟರಲ್ಲಿ ನೀರು ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಆ ಬಿಳುಪಿನಲ್ಲಿರುವುದು ಕಣ್ಣಿಗೆ ಕಾಣದಷ್ಟು ತೆಳುವಾದ, ಪದರಪದರದ ಹಾಳೆಗಳು. ಅವನ್ನು ಬೇಕಾದ ಅಳತೆಗೆ ಬೆಳೆಸುವುದೇ ಸುಮೇಧಾ ಅವರ ಸಂಶೋಧನೆ.

"ಬಿರ್ರನೆ ಬಿಟ್ರೆ ಎಲ್ಲಾ ಕೆಟ್ಟೋಗ್ತೈತೆ. ನಾನು ಗಡಿಯಾರ ನೋಡಲ್ಲ ಸಾರ್, ಒಂದು ಉಸಿರಿಗೆ ಒಂದು ಹನಿ," ಎನ್ನುತ್ತಾರೆ ಆಂಜಿನಮ್ಮ. ನಾನೂ ಎಣಿಸಲು ಹೋಗಿ ಐದನೇ ನಿಮಿಷಕ್ಕೆ ಲೆಕ್ಕ ತಪ್ಪಿದೆ.

ಇವರು ವಕ್ಕಲೇರಿಯವರು, ಓದಿದ್ದು ಏಳನೇ ಕ್ಲಾಸು. ಹಸುವಿನ ಹಾಲು ಕರೆದು ಸೊಸೆಯ ಕೈಗಿಟ್ಟು ಮೊದಲ ಬಸ್ಸು ಹಿಡಿಯುತ್ತಾರೆ. ದಿನಕ್ಕೆ ಅರವತ್ತು ಗಾಜಿನ ಪಾತ್ರೆ ತೊಳೆಯುತ್ತಾರೆ. ಹನ್ನೊಂದು ವರ್ಷವಾದರೂ ಕೆಲಸ ಹಂಗಾಮಿಯೇ.

ಕಳೆದ ವರ್ಷ, ಅಂದರೆ 2006ರಲ್ಲಿ, ಒಂದು ದಿನ ಹಾಳೆಗಳೆಲ್ಲ ಪುಟ್ಟದಾಗಿ, ಒಂದೇ ಅಳತೆಯಲ್ಲಿ ಬಂದವು. ಬೇಕಾಗಿದ್ದದ್ದೂ ಅದೇ. ಆಮೇಲೆ ಐದು ತಿಂಗಳು ಹೆಣಗಾಡಿದರೂ ಮತ್ತೆ ಬರಲಿಲ್ಲ. ಸುಮೇಧಾ ಸಂಶೋಧನೆಯನ್ನೇ ಕೈಬಿಡುವ ಮಾತಾಡತೊಡಗಿದರು.

ಆಗ ಕಾರಣ ಹೊಳೆದದ್ದು ಆಂಜಿನಮ್ಮನಿಗೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಾಜಿಗೆ ಬಿಳಿ ಕರೆ ಕಟ್ಟುತ್ತದೆ. ಹಾಳೆ ಸರಿಯಾಗಿ ಬಂದ ಆ ದಿನ ಕರೆ ಬಿಡದೆ ಹೋದಾಗ, ಹಿತ್ತಾಳೆ ಚೆಂಬು ಬೆಳಗುವಂತೆ ಹುಣಸೆಹುಳಿ ಹಾಕಿ ಉಜ್ಜಿದ್ದರು. ಪ್ರಯೋಗಾಲಯದಲ್ಲಿ ಅದಕ್ಕೆ ಕಟ್ಟುನಿಟ್ಟಿನ ನಿಷೇಧ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತೆ ಇದು ಹೊಳೆದ ಮೇಲೆ ಎರಡು ದಿನ ಒದ್ದಾಡಿದರು.

"ಹೇಳಿದ್ರೆ ನನ್ ಕೆಲಸ ಹೋಗ್ತೈತೆ, ಹೇಳ್ದೇ ಇದ್ರೆ ಆ ಹುಡುಗಿ ಓದು ಹೋಗ್ತೈತೆ. ಮೂರನೇ ದಿನ, 'ಸುಮೇಧಮ್ಮ, ತಪ್ಪಾಯ್ತು' ಅಂದ್ಬಿಟ್ಟೆ."

ವಿಭಾಗದ ಮುಖ್ಯಸ್ಥರು ಬೈದರು. ಸುಮೇಧಾ ಮಾತ್ರ, "ಎಷ್ಟು ಹುಣಸೆ ಹಾಕಿದ್ರಿ, ಆಂಜಿನಮ್ಮ?" ಎಂದು ಪೆನ್ನು ತೆಗೆದರು. ಪಾತ್ರೆಯಲ್ಲಿ ಉಳಿದ ಹುಳಿ ಹಾಳೆಯ ಅಂಚಿಗೆ ಅಂಟಿಕೊಂಡು ಬೆಳವಣಿಗೆ ತಡೆದಿತ್ತು. ಈಗ ಹುಣಸೆಯಲ್ಲಿರುವ ಅದೇ ಆಮ್ಲವನ್ನು ಅಳೆದು ಬೆರೆಸುತ್ತಾರೆ. ಆಮ್ಲ ಹೆಚ್ಚಾದಷ್ಟೂ ಹಾಳೆ ಚಿಕ್ಕದು.

ಕೆಲಸ ಉಳಿಯಿತು. ಪ್ರಯೋಗದ ಪುಸ್ತಕದಲ್ಲಿ ಹೊಸದೊಂದು ಕಾಲಂ ಬಂತು: ಪಾತ್ರೆ ತೊಳೆದವರು, ತೊಳೆದ ವಿಧಾನ. ಅದನ್ನು ತುಂಬುವವರು ಆಂಜಿನಮ್ಮ. ಗಾಜಿನ ಮೇಲೆ ಗೀರು ಬಿದ್ದರೂ ಬರೆಯುತ್ತಾರೆ.

ಭಯವಾಗುವುದಿಲ್ಲವೇ ಎಂದೆ.

"ಆಗ್ತೈತೆ. ಆದ್ರೂ ಬರ್ದು, ಕೆಳಗೆ ನನ್ ಸೈನೇ ಹಾಕ್ತೀನಿ."