ಹನ್ನೊಂದು ಮಂದಿಗೆ ಹೋಳಿಗೆ

ಇಂಗ್ಲೆಂಡಿನ ಕೋರ್ಟುಗಳಲ್ಲಿ ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರಲು ಕರೆ ಬಂದರೆ ಹೇಗೆ ತಪ್ಪಿಸಿಕೊಳ್ಳುವುದೆಂದು ಎಲ್ಲರೂ ನೋಡುತ್ತಾರೆ. ವುಲ್ವರ್‌ಹ್ಯಾಂಪ್ಟನ್ನಿನ ಶರಣಮ್ಮನವರು ಹಿಗ್ಗಿಹೋದರು. ವಿಜಯಪುರದಿಂದ ನರ್ಸಾಗಿ ಬಂದವರು, ಈಗ ನಿವೃತ್ತರು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಆ ಮನೆಯಲ್ಲಿ ಮಾತೆಂದರೆ ರೇಡಿಯೊ, ಇಲ್ಲವೇ ಭಾನುವಾರ ಅವರದೇ ಊರಿನ ನಾನು ಬರ್ಮಿಂಗ್‌ಹ್ಯಾಮಿನಿಂದ ಮಾಡುವ ಫೋನು.

“ಹನ್ನೆರಡು ಮಂದಿ ಒಂದ ಟೇಬಲ್ಲಿಗೆ ಕೂತು ಮಾತಾಡಬೇಕಂತ, ವಸು. ಬಾಗಲಾ ಹಾಕಿರ್ತಾರ, ಯಾರೂ ಎದ್ದು ಹೋಗಂಗಿಲ್ಲ,” ಎಂದರು.

ಕೇಸು ಯಾವುದಾದರೇನು, ಅವರಿಗೆ ಬೇಕಾಗಿದ್ದದ್ದು ಆ ಟೇಬಲ್ಲು. ಉಳಿದ ಹನ್ನೊಂದು ಮಂದಿಗೆಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಕೊಂಡೇ ಹೋದರು. ನನಗೆ ನಗು ಬಂತು, ಸಂಕಟವೂ ಆಯಿತು.

ಕೋರ್ಟಿನಲ್ಲಿ ಕರೆ ಬಂದವರೊಳಗಿಂದ ಹನ್ನೆರಡು ಮಂದಿಯನ್ನು ಆರಿಸಲು ಚೀಟಿ ಎತ್ತಿದಾಗ ಅವರ ಹೆಸರು ಬಂತು. ಆರೋಪಿ ಬಾಂಗ್ಲಾದೇಶದ ಮನೆತನದ ಹುಡುಗ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಿಳಿಯನೊಬ್ಬನಿಗೆ ಹೊಡೆದನೆಂದು ಕೇಸು. ಬಿಳಿಯರೇ ಕುಳಿತಿದ್ದ ಸಾಲಿಗೆ ಶರಣಮ್ಮನವರು ಬರುವುದನ್ನು ಕಂಡು ಅವನು ತಲೆ ಎತ್ತಿದನಂತೆ. ಅದನ್ನು ಜಡ್ಜ್ ಕೂಡ ನೋಡಿದರು.

ನಿಮಗೆ ಇಂಗ್ಲಿಷ್ ಪೂರ್ತಿ ತಿಳಿಯುತ್ತದೆಯೇ ಎಂದು ಜಡ್ಜ್ ಕೇಳಿದರು. ಆ ಊರಿನ ಅರ್ಧ ಜನಕ್ಕೆ ಇಂಗ್ಲಿಷಿನಲ್ಲೇ ಸಮಾಧಾನ ಹೇಳಿ ಸೂಜಿ ಚುಚ್ಚಿದವರಿಗೆ ಈ ಪ್ರಶ್ನೆ. ತಿಳಿಯುತ್ತದೆ ಎಂದರು. ಆರೋಪಿ ನಿಮ್ಮ ಸಮುದಾಯದವನೇ ಎಂದು ಮತ್ತೆ ಕೇಳಿದರು.

“ಅಲ್ಲ ಸರ್. ಅವರ ಭಾಷೆ ಬೇರೆ, ಧರ್ಮ ಬೇರೆ, ದೇಶ ಬೇರೆ. ಅವರು ನಮ್ಮವರಲ್ಲ.”

ಹೇಗಾದರೂ ಆ ಕುರ್ಚಿ ಉಳಿಯಲಿ ಎಂಬ ಆಸೆ ಅವರದು. ಹುಡುಗ ತಲೆ ತಗ್ಗಿಸಿದ. ಜಡ್ಜ್ ಬಹಳ ಮರ್ಯಾದೆಯಿಂದ, ಈ ಕೇಸಿಗೆ ನೀವು ಬೇಡ ಎಂದು ಕಳಿಸಿಬಿಟ್ಟರು. ಏಟು ತಿಂದವನು ನಿಮ್ಮ ಸಮುದಾಯದವನೇ ಎಂದು ಉಳಿದ ಹನ್ನೊಂದು ಮಂದಿಯಲ್ಲಿ ಒಬ್ಬರನ್ನೂ ಕೇಳಲಿಲ್ಲ. ಇದನ್ನು ಫೋನಿನಲ್ಲಿ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಬೆಂಚಿನ ಮೇಲೆ, ಒಳಗೆ ಕೂರಲಾರದೆ, ಆ ಹುಡುಗನ ತಾಯಿ ಒಬ್ಬಳೇ ಕುಳಿತಿದ್ದಳು. ಶರಣಮ್ಮನವರು ಪಕ್ಕದಲ್ಲಿ ಕುಳಿತು ಡಬ್ಬಿ ತೆಗೆದು ಒಂದು ಹೋಳಿಗೆ ಕೊಟ್ಟರು. ಆಕೆ ತಿನ್ನಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹರುಕುಮುರುಕು ಹಿಂದಿಯಲ್ಲಿ ಕೇಳಿದಳು: ನನ್ನ ಮಗ ಒಳಗಿದ್ದಾನೆ, ಜ್ಯೂರಿಯಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?

“ನೀವೇನಂದ್ರಿ?” ಎಂದೆ.

ಅವರು ಹಿಂದೆ ಹಾಡುತ್ತಿದ್ದ ರೇಡಿಯೊ ಆರಿಸಿದರು.

“ಒಬ್ಬಾಕಿ ಇದ್ದಳು, ಕಳಿಸಿಬಿಟ್ರು ಅಂದೆ. ಆಕಿ ಒಳಗ ಏನಂದಳು ಅನ್ನೂದು ಮಾತ್ರ ಹೇಳಲಿಲ್ಲ, ವಸು.”