ಬಾಜೂ ಮನೆಯ ಕಾಕಾ, ಬಿಸಿಗೆ ಮುನಿಯುವ ಕಾರು

ಮೊನ್ನೆ ಘಟಪ್ರಭಾ ಸ್ಟೇಷನ್ ಮುಂದೆ ಯಾರದೋ ಹಳೆಯ ಕಾರು ಸ್ಟಾರ್ಟ್ ಆಗದೆ ನರಳುತ್ತಿತ್ತು. ಹತ್ತಿರ ಹೋದರೆ ಹಸಿ ಪೆಟ್ರೋಲಿನ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮೂಡಲಗಿಯ ನಮ್ಮ ಬಾಜೂ ಮನೆಯ ಕಾಕಾ ನೆನಪಾದರು...

ಕಾಕಾ ಗೋವಿನಜೋಳದ ವ್ಯಾಪಾರಿ, ಜೈನರು. ನಮ್ಮ ಕಣ್ಣಿಗೆ ದೊಡ್ಡ ಮನುಷ್ಯ, ತಮ್ಮ ಕಣ್ಣಿಗೆ ಇನ್ನೂ ದೊಡ್ಡವರು! ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಳಗಾವಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಕಾರ್ಬೊರೇಟರ್ ಇಲ್ಲದ, ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿ. ಓಣಿಯಲ್ಲಿ ಯಾರಾದರೂ ಐಬು ಹುಡುಕಿ ಅದಕ್ಕೆ ಹೆಸರಿಟ್ಟರೆ ಎಂಟು ದಿನ ಅವರೊಂದಿಗೆ ಮಾತು ಬಂದ್.

ಆ ಗಾಡಿಗೊಂದು ಚಾಳಿಯಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಕೀಲಿ ತಿರುವಿದ ಕೂಡಲೇ ಸ್ಟಾರ್ಟ್. ಓಡಿ ಬಂದು, ಬಿಸಿಯಲ್ಲೇ ಬಂದ್ ಆಗಿ ಸ್ವಲ್ಪ ಹೊತ್ತು ನಿಂತಿತೋ, ಮುಗಿಯಿತು, ಮತ್ತೆ ಸ್ಟಾರ್ಟ್ ಇಲ್ಲ. ಗೋಕಾಕದ ಮಿಸ್ತ್ರಿ ಬ್ಯಾಟರಿ ಬದಲಿಸಿದ, ಪ್ಲಗ್ ಬದಲಿಸಿದ, ಚಾಳಿ ಹೋಗಲಿಲ್ಲ. ಕಾಕಾ ಹಟಕ್ಕೆ ಬಿದ್ದರು. ಬಂದ್ ಮಾಡುವುದು, ಕಾಯುವುದು, ಮೂಸುವುದು, ಮತ್ತೆ ಸ್ಟಾರ್ಟ್ ಮಾಡುವುದು... ಕೊನೆಗೊಂದು ದಿನ ನಮ್ಮಪ್ಪನನ್ನು ಕರೆದು, “ಇದಕ್ಕ ಹಸಿವಿ ಅಲ್ರಿ, ಅಜೀರ್ಣ! ಬಂದ್ ಮಾಡಿದ ಮ್ಯಾಲೂ ಇಂಜೆಕ್ಟರ್ ಪೆಟ್ರೋಲ್ ಸೋರಾಕತ್ತೈತಿ” ಎಂದರು. ಮಿಸ್ತ್ರಿ ಬಿಚ್ಚಿ ನೋಡಿ ಹೌದೆಂದ. ಹೊಸ ಇಂಜೆಕ್ಟರ್ ಬರುವುದಕ್ಕೆ ಮೊದಲೇ ನಮ್ಮ ಅಕ್ಕನ ಮದುವೆ ಬಂತು.

ಅಕ್ಕನನ್ನು ಹುಕ್ಕೇರಿಗೆ ಕಳಿಸಲು ಕಾಕಾನ ಕಾರೇ ಬೇಕು. ಮಟಮಟ ಮಧ್ಯಾಹ್ನ ಕಾರು ಬಾಗಿಲಿಗೆ ಬಂತು. “ಯಾರೂ ಬಂದ್ ಮಾಡಬ್ಯಾಡ್ರಿ” ಎಂದು ಎಲ್ಲರಿಗೂ ಹೇಳಿ ಕಾಕಾ ಹಿಂದೆ ಸಾಮಾನು ಇಡಿಸುತ್ತಿದ್ದರು. ಜೊತೆಗೆ ಹೋಗಬೇಕಿದ್ದ ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದೆ ಕೂತಿದ್ದ ವರನ ಸೋದರಮಾವ, “ಸುಮ್ಮನ ಎಣ್ಣಿ ಸುಡಾಕತ್ತೈತಿ” ಎನ್ನುತ್ತ ಕೈ ಚಾಚಿ ಕೀಲಿ ತಿರುವಿ ಬಂದ್ ಮಾಡಿಯೇಬಿಟ್ಟರು. ಕಾಕಾ ತಲೆ ಎತ್ತಿ ನೋಡಿದರು, ಮತ್ತೆ ಸಾಮಾನಿನ ಕಡೆ ತಿರುಗಿದರು. ಬೀಗರಲ್ಲವೇ!

ಉಡಿ ತುಂಬುವುದು, ಅಳುವುದು ಮುಗಿಯುವಷ್ಟರಲ್ಲಿ ಅರ್ಧ ತಾಸು ಹೋಯಿತು. ಅಕ್ಕ ಬಂದು ಕೂತಳು. ಕಾಕಾ ಕೀಲಿ ತಿರುವಿದರು. ಗುರ್‌ರ್... ಮತ್ತೆ ಗುರ್‌ರ್... ಗಾಡಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ.

ಅಕ್ಕನ ಅತ್ತೆ ಕಿಟಕಿಯ ಹತ್ತಿರ ನಿಂತೇ ಅಂದರು: “ಹುಡುಗಿ ಕಾಲಿಟ್ಟ ಕೂಡ್ಲೆ ಗಾಡಿನೂ ನಿಂತ್ತು ನೋಡ್ರಿ.”

ಅಕ್ಕನ ಮುಖ ಬಿಳಚಿಹೋಯಿತು. ಇಂಥ ಒಂದು ಮಾತು ಬೆನ್ನು ಹತ್ತಿದರೆ ಸಾಕು, ಮುಂದೆ ಎಮ್ಮೆ ಹಾಲು ಕೊಡದಿದ್ದರೂ ಸೊಸೆಯ ಕಾಲ್ಗುಣವೇ. ಸೋದರಮಾವ ಬೇರೆ ಕಡೆ ನೋಡುತ್ತ ಕೂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬಂದ್ ಮಾಡಿದ್ದು ಯಾರೆಂದು ಹೇಳಲು ಬಾಯಿ ತೆರೆದೆ. ಕಾಕಾ ಹಿಂತಿರುಗಿ ಹೇಗೆ ಕಣ್ಣು ಬಿಟ್ಟರೆಂದರೆ ಮಾತು ಒಳಗೇ ಉಳಿಯಿತು. ಬೀಗರ ಮಾನ ಓಣಿಯಲ್ಲಿ ಹೋದರೆ ಮುಂದೆ ಅದರ ಬೆಲೆ ತೆರುವವಳು ಅಕ್ಕನೇ ಎಂಬುದು ಅವರಿಗೆ ಗೊತ್ತಿತ್ತು.

“ಹುಡುಗಿದೇನ ಐತ್ರಿ ಅಕ್ಕಾರ, ತಪ್ಪ ನಂದು,” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. “ಬಂದ್ ಮಾಡಬ್ಯಾಡ್ರಿ ಅಂತ ಊರಿಗೆಲ್ಲಾ ಹೇಳಿ ನಾನ ಮರತ ಬಂದ್ ಮಾಡೇನಿ. ಗಾಡಿ ನಡಸಾಕ ಬರೂದಿಲ್ರಿ ನನಗ!”

ಕಾಕಾನ ಬಾಯಲ್ಲಿ ಆ ಮಾತು! ನಮ್ಮಪ್ಪ ಹೌಹಾರಿ ನಿಂತರು. ಬೀಗರ ಕಡೆಯವರೆಲ್ಲ ಹೋ ಎಂದು ನಕ್ಕರು, ಅಕ್ಕನ ಅತ್ತೆಯೂ ನಕ್ಕರು. ಕಾಕಾ ಆಕ್ಸಿಲರೇಟರನ್ನು ಪೂರ್ತಿ ತಳಕ್ಕೆ ಒತ್ತಿ ಹಿಡಿದು ಕೀಲಿ ತಿರುವಿದರು. ಹಾಗೆ ಒತ್ತಿದರೆ ಹೊಸ ಪೆಟ್ರೋಲ್ ನಿಂತು ಬರೀ ಗಾಳಿ ಒಳಗೆ ಹೋಗುತ್ತದೆಂದು ಅವರೇ ಕಂಡುಕೊಂಡಿದ್ದರು. ಗಾಡಿ ಕೆಮ್ಮಿತು, ಕರಿ ಹೊಗೆ ಬಿಟ್ಟು ಸ್ಟಾರ್ಟ್ ಆಯಿತು. ಹುಕ್ಕೇರಿ ಮುಟ್ಟುವವರೆಗೂ ಆ ಸೋದರಮಾವನೇ ಅವರಿಗೆ ಗಾಡಿ ನಡೆಸುವುದನ್ನು ಹೇಳಿಕೊಟ್ಟರು. ಕಾಕಾ “ಹೌದ್ರಿ, ಹೌದ್ರಿ” ಎನ್ನುತ್ತಿದ್ದರು...

ಕಾಕಾ ಹೋದ ವರ್ಷ ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಲು ಬಂದ ಅಕ್ಕ ನನ್ನ ಕೈ ಹಿಡಿದು ಅತ್ತಳು. “ನಮ್ಮ ಮನ್ಯಾಗ ಇನ್ನೂ ಅವರ ಸುದ್ದಿ ತಗದ ನಗತಾರ. ನೀ ನನಗ ಎಲ್ಲಾ ಹೇಳಿದ ಮ್ಯಾಲ, ಖರೇದ ಹೇಳಿಬಿಡ್ತೇನಿ ಅಂತ ಪಂಚಮಿಗೆ ಬಂದಾಗ ಕಾಕಾಗ ಅಂದಿದ್ನಿ. ‘ನಗಲಿ ಬಿಡವ್ವಾ. ನನ್ನ ನೋಡಿ ನಗೂತನಕ ನಿನ್ನ ಗೊಡವಿಗೆ ಬರೂದಿಲ್ಲ’ ಅಂದ್ರು.”

ಹುಕ್ಕೇರಿಗೆ ಹೋದ ಮರುದಿನ ಅವಳ ಫೋನ್ ಬಂತು. ಸೋದರಮಾವನ ಎದುರಿಗೇ ಎಲ್ಲ ಹೇಳಿಬಿಟ್ಟಿದ್ದಳು. ಯಾರೂ ನಗಲಿಲ್ಲವಂತೆ.

ಕಾಕಾ ಕೇಳಿದ್ದರೆ ನಮ್ಮಿಬ್ಬರಿಗೂ ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಬೈಯಲು ಅವರೇ ಇಲ್ಲ.